ವೈರಿಂಗ್ ಡಯಾಗ್ರಾಂಗೆ ಆಲ್‌ಡೇಟಾನಾ, ಪ್ರೊಡಿಮ್ಯಾಂಡಾ? ಸಹಾಯ ಬೇಕು

ಗಾಡಿ ರಿಪೇರಿ ಮಾಹಿತಿ ಕೊಡುವ ಈ ಎರಡು ಆನ್‌ಲೈನ್ ಸೇವೆಗಳಿಗೂ ಚಂದಾ ಕಟ್ಟುವಷ್ಟು ಕೆಲಸ ನನ್ನ ಹತ್ರ ಇಲ್ಲ, ಅದಕ್ಕೇ ಕೇಳ್ತಿದ್ದೇನೆ. ಆಲ್‌ಡೇಟಾದಲ್ಲಿ ಗಾಡಿ ಕಂಪನಿಯ ಡಯಾಗ್ರಾಂ ಹಾಗೇ ಸಿಗುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು ರೀತಿ. ಮಿಚೆಲ್ 1 ಕಂಪನಿಯ ಪ್ರೊಡಿಮ್ಯಾಂಡ್‌ನಲ್ಲಿ ಬಣ್ಣ ಹಾಕಿ ಒಂದೇ ಶೈಲಿಯಲ್ಲಿ ಮತ್ತೆ ಬರೆದಿರುತ್ತಾರೆ, ಬೇಕಾದ ವೈರನ್ನಷ್ಟೇ ಎತ್ತಿ ತೋರಿಸುತ್ತದೆ. ಕಣ್ಣಿಗೆ ಹಿತ, ನಿಜ. ಆದರೆ ಕನೆಕ್ಟರ್ ಪಿನ್ ನಂಬರ್, ಗ್ರೌಂಡ್ (ಅರ್ತ್) ಪಾಯಿಂಟ್ ಬಾಡಿಯಲ್ಲಿ ಎಲ್ಲಿದೆ ಅನ್ನೋ ಚಿತ್ರ, ಇವು ಯಾವುದರಲ್ಲಿ ಚೆನ್ನಾಗಿವೆ?

ಹೋದ ವಾರ ಎಲ್ಲೋ ಸಿಕ್ಕಿದ ಬಿಟ್ಟಿ ಪಿಡಿಎಫ್ ನಂಬಿ, ಹಸಿರು-ಬಿಳಿ ವೈರ್ ಹುಡುಕುತ್ತಾ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಅರ್ಧ ದಿನ ಡ್ಯಾಶ್‌ಬೋರ್ಡ್ ಕೆಳಗೆ ಸುಮ್ನೆ ಮಲಗಿದ್ದೆ. ಆ ಗಾಡಿಯಲ್ಲಿ ಅದು ಕಂದು ಬಣ್ಣದ್ದು! ಎರಡನ್ನೂ ಬಳಸಿದವರು ಇದ್ದರೆ ದಯವಿಟ್ಟು ಹೇಳಿ. ನನ್ನ ಹತ್ರ ಬರುವುದು ಜಾಸ್ತಿ ಕ್ಯಾನ್ ಲೈನ್ (ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾಹಿತಿ ಕಳಿಸುವ ವೈರ್) ತೊಂದರೆಗಳೇ.