ಟೊಂಕನೋವು: ಡಾಕ್ಟರ್‌ಗೆ ಕೇಳ್ರಿ (ಕಲಬುರಗಿ ಗ್ರೂಪ್)

ಆಳಂದ: ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ಎರಡು ವರ್ಷದಿಂದ ಟೊಂಕನೋವು. ಎಂಆರ್‌ಐದಾಗ ಡಿಸ್ಕ್ ಉಬ್ಬ್ಯಾದ ಅಂತ ಬರದಾರ. ಆಪರೇಷನ್ ಬೇಕೇನ್ರಿ?

ಡಾಕ್ಟರ್: ನಮಸ್ಕಾರ. 50 ದಾಟಿದವ್ರಿಗಿ ನೋವೇ ಇಲ್ಲದಿದ್ರೂ ಸ್ಕ್ಯಾನ್ ಮಾಡಿದ್ರ ಅರ್ಧಕ್ಕಿಂತ ಹೆಚ್ಚು ಮಂದಿಗಿ ಡಿಸ್ಕ್ (ಬೆನ್ನಿನ ಮೂಳಿಗಳ ನಡುವಿನ ಮೆತ್ತನ ಬಿಲ್ಲಿ) ಉಬ್ಬಿರ್ತದ. ನೋವು ಕಾಲಿಗಿ ಇಳೀತದೇನು? ಪಾದದಾಗ ಬಲ ಕಡಿಮಿ ಆಗ್ಯಾದೇನು? ಅದು ಹೇಳ್ರಿ.

ಸೇಡಂ: ಎಕ್ಕಿ ಹಾಲು ಹಚ್ಚಿ ಬಟ್ಟಿ ಕಟ್ರಿ, 7 ದಿನದಾಗ ಡಿಸ್ಕ್ ಒಳಗ ಹೋಗ್ತದ. ಎಲ್ಲಾ ಗ್ರೂಪಿಗಿ ಕಳಸ್ರಿ 🙏

ಶಹಾಪುರ: ಸರ್, ನಮ್ಮಣ್ಣ 38, ಕುರಿ ಕಾಯ್ತಾನ. ನಾಕು ತಿಂಗಳಾತು ಟೊಂಕ ಹಿಡದು. ಸಂಜಿಗಿ ಜ್ವರ, ರಾತ್ರಿ ಅಂಗಿ ತೊಯ್ಯಂಗ ಬೆವರು. ಮಲಗಿದ್ರೂ ನೋವು ಬಿಡಲ್ಲ. ಸೊರಗ್ಯಾನ.

ಡಾಕ್ಟರ್: ಶಹಾಪುರದವ್ರ, ನಿಮ್ದು ಬ್ಯಾರೆ. ಭಾರ ಎತ್ತಿ ಬಂದ ನೋವು ಸಾಮಾನ್ಯವಾಗಿ ಮಲಗಿದ್ರ ಇಳೀತದ, ಜ್ವರ ತರಲ್ಲ. ನನಗ ಎರಡು ಸಂಶಯ. ಒಂದು, ಬೆನ್ನುಮೂಳಿ ಟಿಬಿ. ಇದಕ್ಕ ಕೆಮ್ಮು ಇರಬೇಕಂತಿಲ್ಲ, ಮೊದಮೊದಲು ಎಕ್ಸ್‌ರೇದಾಗೂ ಕಾಣಲ್ಲ. ಇನ್ನೊಂದು ಬ್ರುಸೆಲ್ಲಾ. ಕಂದು ಹಾಕಿದ ಕುರಿ-ಆಡಿನ ಮಾಸ ಬರಿಗೈಲೆ ತೆಗದವ್ರಿಗಿ, ಹಸಿ ಹಾಲು ಕುಡದವ್ರಿಗಿ ಬರ್ತದ, ಟೊಂಕದ ಮೂಳಿ ಹಿಡೀತದ. ಸ್ಕ್ಯಾನ್‌ದಾಗ ಎರಡೂ ಒಂದೇ ಥರ ಕಾಣಬಹುದು, ಔಷಧ ಬ್ಯಾರೆ ಬ್ಯಾರೆ. ಹಂಗಾಗಿ ಇಎಸ್‌ಆರ್ (ಮೈಯಾಗಿನ ಉರಿಯೂತ ತೋರಸೋ ರಕ್ತಪರೀಕ್ಷೆ), ಬ್ರುಸೆಲ್ಲಾ ರಕ್ತಪರೀಕ್ಷೆ, ಎಂಆರ್‌ಐ ಆಗಬೇಕು. ಬೇಕಾದ್ರ ಸೂಜೀಲೆ ತುಣುಕು ತಗದು ನೋಡ್ತಾರ. ಯಾರ ಕಡೀಂದಲೂ ತಿಕ್ಕಿಸಬ್ಯಾಡ್ರಿ. ಕಾಲು ಸೋತ್ರ, ಒಂದಕ್ಕ ಹೋಗ್ಲಾಕ ಆಗದಿದ್ರ ಅವತ್ತೇ ದೊಡ್ಡ ದವಾಖಾನಿ. ಈ ವರ್ಷ ಕುರಿ ಕಂದು ಹಾಕ್ಯಾವೇನು?

ಶಹಾಪುರ: ಹೌದ್ರಿ ಸರ್! ಅಣ್ಣನೇ ಮಾಸ ತಗದಾನ.

ಡಾಕ್ಟರ್: ಮುಂಜಾನಿ ಕರ್ಕೊಂಡು ಹೋಗ್ರಿ, ಇದನ್ನೇ ಮೊದಲು ಹೇಳ್ರಿ. ಮನ್ಯಾಗ ಎಲ್ಲಾರೂ ಹಾಲು ಕಾಸೇ ಕುಡೀರಿ.

ಅಫಜಲಪುರ: ಹಾಲಿಗಿ ಯಾಕ ಹೆಸರಿಡ್ತೀರಿ? ನಮ್ಮ ಮುತ್ಯಾ ಹಸಿ ಹಾಲು ಕುಡದೇ 90 ದಾಟ್ಯಾನ.

ಚಿತ್ತಾಪುರ: ಮುತ್ಯಾನ ಜೋಡಿ ಕುಡದು ಹಾಸಿಗಿ ಹಿಡದವ್ರ ಲೆಕ್ಕ ಇಟ್ಟೀರೇನು?

ಅಫಜಲಪುರ: ಪಾಕೀಟ್ ಹಾಲು ಕುಡಿಯೋರಿಗಿ ಕುರಿ ಸುದ್ದಿ ಏನ್ ಗೊತ್ತು.

ಚಿತ್ತಾಪುರ: ನಮ್ಮ ಹಟ್ಟಿಗಿ ಬಾ, ಕುರಿ ತೋರಸ್ತೀನಿ.

ಕಮಲಾಪುರ: ಸರ್, ಮಗ 24. ಆರು ತಿಂಗಳಾತು, ಮುಂಜಾನಿ ಎದ್ರ ಒಂದು ತಾಸು ಟೊಂಕ ಬಿಗಿ, ಓಡಾಡಿದ್ರ ಸಡಲ್ತದ.

ಡಾಕ್ಟರ್: ಸಂದಿನ ಉರಿಯೂತ ಇರಬಹುದು, ಸಂಧಿವಾತದ ಡಾಕ್ಟರ್‌ಗೆ ತೋರಸ್ರಿ. ಬರೇ ನೋವಿನ ಗುಳಿಗಿ ಮ್ಯಾಲ ವರ್ಷಗಟ್ಲೆ ದೂಡಬ್ಯಾಡ್ರಿ.

ಯಾದಗಿರಿ: ಗಾದಿ ಛಲೋನೋ ನೆಲ ಛಲೋನೋ ಸರ್?

ಸೇಡಂ: ಎಕ್ಕಿ ಹಾಲಿನ ಬಗ್ಗೆ ಸರ್ ಏನೂ ಅನ್ಲಿಲ್ಲ 🙏

ಡಾಕ್ಟರ್: ಎಕ್ಕಿ ಹಾಲು ಚರ್ಮ ಸುಡ್ತದ, ಕಣ್ಣಿಗಿ ಸಿಡದ್ರ ದೃಷ್ಟಿ ಹೋಗಬಹುದು. ಮೊದ್ಲು ಅದನ್ನ ಅಳಸ್ರಿ.

ಸೇಡಂ: ಇಂಗ್ಲಿಷ್ ಡಾಕ್ಟರ್ರು ಹಿಂಗೇ ಅಂತಾರ.

ಆಳಂದ: ಸರ್, ಆಪರೇಷನ್ ಬೇಕೋ ಬ್ಯಾಡೋ?

ಡಾಕ್ಟರ್: ನಾ ಕೇಳಿದ್ದಕ್ಕ ಉತ್ತರ ಎಲ್ಲದ?

ಯಾದಗಿರಿ: ಸರ್, ಗಾದಿ?