ಎರ್ಗೊನಾಮಿಕ್ಸ್: ದಕ್ಷತೆಯೋ, ಒಗ್ಗಿಕೆಯೋ?

ಪ್ರಶ್ನೆ: ಶಿವಮೊಗ್ಗ ಕಡೆಯ ಅಡಿಕೆ ಹಾಳೆ ತಟ್ಟೆ ಘಟಕಗಳಿಗೆಂದು ಬರೆಯುವ ಕೈಪಿಡಿಯಲ್ಲಿ ‘ಎರ್ಗೊನಾಮಿಕ್ಸ್’ಗೆ (ದುಡಿಯುವವರ ಮೈಗೆ ತಕ್ಕಂತೆ ಕೆಲಸ, ಸಲಕರಣೆ ಹೊಂದಿಸುವ ಶಾಸ್ತ್ರಕ್ಕೆ) ಏನನ್ನಬೇಕು? ಜಾಲದಲ್ಲಿ ಸಿಗುವುದು ‘ದಕ್ಷತಾಶಾಸ್ತ್ರ’. ‘ಆರ್ಗನೈಸೇಶನಲ್ ಚೇಂಜ್’ಗೆ ‘ಸಾಂಸ್ಥಿಕ ಬದಲಾವಣೆ’. ಎರಡೂ ನಾಲಿಗೆಗೆ ಒಗ್ಗುತ್ತಿಲ್ಲ.

ಉತ್ತರ: ಪದ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ, ಒಗ್ಗು. ‘ದಕ್ಷತಾಶಾಸ್ತ್ರ’ ಅಂದರೆ ದುಡಿಯುವವರ ಕಿವಿಗೆ ‘ಇನ್ನಷ್ಟು ತಟ್ಟೆ ಒತ್ತಿ’ ಅಂತಲೇ ಬೀಳುತ್ತದೆ. ಮೂಲ ಗ್ರೀಕಿನಲ್ಲಿ ದಕ್ಷತೆಯ ಸುಳಿವೇ ಇಲ್ಲ: ಎರ್ಗಾನ್ ಕೆಲಸ, ನೋಮೋಸ್ ಕಟ್ಟಳೆ. 1857ರಲ್ಲಿ ಪೋಲೆಂಡಿನ ವಿಜ್ಞಾನಿ ಯಾಸ್ತ್ರ್‌ಜೆಂಬೊವ್ಸ್ಕಿ ಈ ಪದವನ್ನು ಬಳಸಿದ್ದು ‘ದುಡಿಮೆಯ ಶಾಸ್ತ್ರ’ ಎಂಬ ಅರ್ಥದಲ್ಲಿ.

ಆದರೆ ವಿಭಕ್ತಿಯ ಬಗ್ಗೆ ಎಚ್ಚರ. ‘ಕೆಲಸಕ್ಕೆ ಮೈ ಒಗ್ಗಿಸಿಕೋ’ ಎನ್ನುವುದು ಹಿರಿಯರ ಬುದ್ಧಿಮಾತು. ಇಲ್ಲಿ ಬೇಕಾದದ್ದು ಅದರ ತಿರುವುಮುರುವು, ‘ಮೈಗೆ ಕೆಲಸ ಒಗ್ಗಿಸು’. ‘ಮೈಯೊಗ್ಗು’ ಎಂದರೆ ಎರಡೂ ಕಡೆಗೆ ಜಾರುತ್ತದೆ. ‘ಮೈಗೊಗ್ಗಿಕೆ’ಯಲ್ಲಿ ‘ಗೆ’ ಗಟ್ಟಿಯಾಗಿ ನಿಲ್ಲುತ್ತದೆ.

ಬಳಕೆ ಹೀಗೆ: “ನಿಂತು ಮಾಡುವ ಹಗುರ ಕೆಲಸಕ್ಕೆ ಮೇಜು ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ಮೈಗೊಗ್ಗುತ್ತದೆ.” ಎಲ್ಲರಿಗೂ ಒಂದೇ ಯಂತ್ರವಿದ್ದರೆ ಎತ್ತರದವರ ಅಳತೆಗೆ ಮೇಜು, ಗಿಡ್ಡಗಿರುವವರಿಗೆ ಕಾಲಡಿ ಹಲಗೆ. ಹಲಗೆ ಹಾಕಿ ಒತ್ತುವ ಯಂತ್ರದ ಪೆಡಲನ್ನು ನೆಲದಲ್ಲೇ ಬಿಟ್ಟರೆ ಕಾಲು ಚಾಚಿ ಚಾಚಿ ಸೊಂಟ ಓರೆಯಾಗುತ್ತದೆ. ಪೆಡಲೂ ಅಷ್ಟೇ ಏರಬೇಕು. ನೆನೆಸಿದ ಹಾಳೆಯ ನೀರು ಸೋರಿ ಹಲಗೆ ಜಾರುವುದು ಬೇರೆ (ಆಷಾಢದಲ್ಲಂತೂ ಕೇಳಲೇಬೇಡಿ), ಮೇಲೆ ಅಡ್ಡಪಟ್ಟಿ ಹೊಡೆದಿರಬೇಕು.

ಇನ್ನು ‘ಸಾಂಸ್ಥಿಕ ಬದಲಾವಣೆ’. ಹನ್ನೆರಡು ಜನರ ಶೆಡ್ಡಿನಲ್ಲಿ ‘ಸಂಸ್ಥೆ’ ಎಲ್ಲಿಂದ ಬಂತು? ‘ಏರ್ಪಾಡು ಬದಲಿಸುವುದು’ ಸಾಕು. ಹಾಳೆ ತೊಳೆಯುವವರು, ಒತ್ತುವವರು, ವಿಂಗಡಿಸಿ ಕಟ್ಟುವವರು ಎರಡು ಗಂಟೆಗೊಮ್ಮೆ ಜಾಗ ಬದಲಿಸುವುದಕ್ಕೆ ‘ಸರದಿ’ ಅನ್ನಿ. ‘ಮುಯ್ಯಿ’ ಬೇಡ, ಅದು ಆಳಿಗೆ ಆಳು ತೀರಿಸುವ ಲೆಕ್ಕ. ತಟ್ಟೆ ಲೆಕ್ಕದ ಕೂಲಿ ಇರುವಲ್ಲಿ ಸರದಿ ವಾರ ಕಳೆಯುವುದರೊಳಗೆ ಮುರಿಯುತ್ತದೆ, ಯಾಕೆಂದರೆ ಒತ್ತುವ ಜಾಗ ಬಿಟ್ಟವರಿಗೆ ಆ ಹೊತ್ತಿನ ಎಣಿಕೆ ತಪ್ಪುತ್ತದೆ. ಇಡೀ ತಂಡದ ದಿನದ ಎಣಿಕೆಯ ಮೇಲೆ ಕೂಲಿ ಕಟ್ಟಿ ಹಂಚಿದರೆ ಯಾರೂ ಜಾಗ ಹಿಡಿದು ಕೂರುವುದಿಲ್ಲ. ಕೈಪಿಡಿಯಲ್ಲಿ ಕೂಲಿಯ ಈ ಸಾಲು ಮೇಜಿನ ಅಳತೆಗಿಂತ ಮೊದಲೇ ಬರಲಿ.