ಕಾರ್-ಟಿ ಲ್ಯಾಬಿನಲ್ಲಿ ಪೋಸ್ಟ್‌ಡಾಕ್: ಒಪ್ಪಿಕೊಳ್ಳುವ ಮುಂಚೆ ಏನೇನು ಕೇಳಬೇಕು?

ಬೆಂಗಳೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ಇನ್ನೇನು ಮುಗಿಯುತ್ತಿದೆ. ಡೆಂಗಿ ಬಂದಾಗ ಟಿ ಸೆಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಹೇಗೆ ಕೆಲಸ ಮಾಡುತ್ತವೆ ಅನ್ನುವುದು ನನ್ನ ವಿಷಯ. ಅಮೆರಿಕದ ಒಂದು ಲ್ಯಾಬಿನಿಂದ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ, ಕರೆ ಬಂದಿದೆ. ರಕ್ತದ ಕ್ಯಾನ್ಸರ್‌ಗೆ ಕಾರ್-ಟಿ ಮಾಡುವ ಲ್ಯಾಬ್. ಅಂದರೆ ರೋಗಿಯದೇ ಟಿ ಸೆಲ್ ತೆಗೆದು, ಕ್ಯಾನ್ಸರ್ ಸೆಲ್ ಗುರುತಿಸುವ ‘ಕಾರ್’ ಎಂಬ ಪ್ರೋಟೀನ್ ಮಾಡುವ ಹಾಗೆ ಅದಕ್ಕೊಂದು ಜೀನ್ ಸೇರಿಸಿ, ಮತ್ತೆ ರೋಗಿಗೇ ಕೊಡುವ ಚಿಕಿತ್ಸೆ. ಕ್ಯಾನ್ಸರ್ ಮೇಲೆ ನಾನು ಯಾವತ್ತೂ ಕೆಲಸ ಮಾಡಿಲ್ಲ. ಕೆಲವು ವರ್ಷ ಬಿಟ್ಟು ಇಲ್ಲಿಗೇ ವಾಪಸ್ ಬರುವ ಆಸೆಯೂ ಇದೆ. ಗುರುವಾರ ಪಿಐ (ಲ್ಯಾಬಿನ ಮುಖ್ಯಸ್ಥರು) ಜೊತೆ ಇನ್ನೊಂದು ಸುತ್ತು ಮಾತುಕತೆ. ಏನು ಕೇಳಲಿ?

ಫಿಲಡೆಲ್ಫಿಯಾದಿಂದ:

ಕ್ಯಾನ್ಸರ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. 2012ರಲ್ಲಿ ಇದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ 6 ವರ್ಷದ ಹುಡುಗಿಗೆ ಕಾರ್-ಟಿ ಕೊಟ್ಟರು. ಲ್ಯುಕೇಮಿಯಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಇದ್ದ ಮಕ್ಕಳಲ್ಲಿ ಅವಳೇ ಮೊದಲು. ಸೆಲ್ ಕೊಟ್ಟ ಮೇಲೆ ವಿಪರೀತ ಜ್ವರ ಬಂದು ವೆಂಟಿಲೇಟರ್‌ಗೆ ಹಾಕಬೇಕಾಯಿತು. ಆಗ ಈ ಚಿಕಿತ್ಸೆ ಬೆಳೆಸಿದ ವಿಜ್ಞಾನಿ ಕಾರ್ಲ್ ಜೂನ್ ಮತ್ತು ಅವರ ಜೊತೆಯವರು ರಕ್ತದಲ್ಲಿ ಉರಿಯೂತ ಹೆಚ್ಚಿಸುವ ಐಎಲ್-6 ಪ್ರೋಟೀನ್ ಏರಿದ್ದನ್ನು ನೋಡಿದರು. ಐಎಲ್-6 ಕೆಲಸ ತಡೆಯುವ, ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಔಷಧ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತು. ಅಲ್ಲಿ ಕೈಹಿಡಿದದ್ದು ಇಮ್ಯುನಾಲಜಿ, ಅಲ್ವಾ? ಅದೇ ಚಿಕಿತ್ಸೆಗೆ 2017ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಈಗ ನಮ್ಮನ್ನೆಲ್ಲ ಕಾಡುತ್ತಿರುವ ಪ್ರಶ್ನೆಗಳಲ್ಲಿ ದೊಡ್ಡದು, ಟಿ ಸೆಲ್ ಯಾಕೆ ಸುಸ್ತಾಗುತ್ತದೆ ಅನ್ನುವುದು. ಇದು ಮೊದಲು ಗೊತ್ತಾಗಿದ್ದೇ ಇಲಿಗಳಿಗೆ ಬಹಳ ಕಾಲ ಉಳಿಯುವ ವೈರಸ್ ಸೋಂಕು ಬಂದಾಗ. ವೈರಸ್ ಕಡೆಯಿಂದ ಬಂದವರು ಇಲ್ಲಿ ಹೊರಗಿನವರಲ್ಲ. ಗುರುವಾರ ಇದನ್ನು ನೀವೇ ಎತ್ತಿ ಮಾತಾಡಿ.

ನಾನಾಗಿದ್ದರೆ ಮೊದಲು ಕೇಳುತ್ತಿದ್ದದ್ದು: ನಾನು ದಿನಾ ಕೈಯಲ್ಲಿ ಹಿಡಿಯುವ ಸೆಲ್ ಯಾವುದು? ಜುರ್ಕಾಟ್ ಥರದ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಸೆಲ್) ಬೆಳೆಸುವುದು ಸುಲಭ, ಹೊಸ ಕಾರ್ ಕೆಲಸ ಮಾಡುತ್ತಾ ಅಂತ ಬೇಗ ನೋಡಬಹುದು. ಆದರೆ ನಿಜವಾದ ಪಾಠ ಇರುವುದು ಮನುಷ್ಯರ ರಕ್ತದಿಂದ ತೆಗೆದ ಟಿ ಸೆಲ್‌ನಲ್ಲಿ. ದಾನಿಯ ರಕ್ತದ ಚೀಲ ಬರುತ್ತದೆ. ಫೈಕಾಲ್ ಎಂಬ ದಟ್ಟ ದ್ರವದ ಮೇಲೆ ಮೆಲ್ಲಗೆ ಸುರಿದು ಸೆಂಟ್ರಿಫ್ಯೂಜ್‌ಗೆ ಹಾಕುತ್ತೀರಿ. ನಡುವೆ ಟಿ ಸೆಲ್ ಇರುವ ಒಂದು ತೆಳು ಬಿಳಿ ಪದರ ನಿಲ್ಲುತ್ತದೆ, ಅದನ್ನು ಅಲುಗಾಡಿಸದೆ ಪಿಪೆಟ್‌ನಲ್ಲಿ ಎಳೆದುಕೊಳ್ಳಬೇಕು. ಟಿ ಸೆಲ್ ಬೇರೆ ಮಾಡಿ, ಅದನ್ನು ಚುರುಕುಗೊಳಿಸುವ ಸಿಡಿ3-ಸಿಡಿ28 ಮಣಿ ಹಾಕಿ ಎಬ್ಬಿಸಿ, ಮಾರನೇ ದಿನ ಜೀನ್ ಒಳಗೆ ಒಯ್ಯುವ ಲೆಂಟಿವೈರಸ್ ಹಾಕುತ್ತೀರಿ. ಆಮೇಲೆ ಸುಮಾರು ಒಂದೂವರೆ ವಾರ ಸೆಲ್ ಎಣಿಸುವುದು, ಮೀಡಿಯಾ (ಸೆಲ್ ಬೆಳೆಯುವ ಪೋಷಕ ದ್ರವ) ಸೇರಿಸುವುದು. ಶನಿವಾರ, ಭಾನುವಾರವೂ ಬಿಡುವಂತಿಲ್ಲ. ಒಬ್ಬ ದಾನಿಯ ಸೆಲ್ ಹುಲುಸಾಗಿ ಬೆಳೆಯುತ್ತದೆ, ಇನ್ನೊಬ್ಬರದು ಮೊಂಡು ಹಿಡಿಯುತ್ತದೆ. ಲ್ಯುಕೇಮಿಯಾ ಇರುವ ಇಲಿಗೆ ಕೊಟ್ಟಾಗಲೂ ಹಾಗೇ: ಕಣ್ಣಿಗೆ ಕಾಣಲೆಂದು ಹೊಳೆಯುವಂತೆ ಮಾಡಿದ ಲ್ಯುಕೇಮಿಯಾ ಸೆಲ್ ಒಂದು ದಾನಿಯ ಸೆಲ್‌ಗೆ ಮಾಯವಾಗುತ್ತದೆ, ಇನ್ನೊಬ್ಬರದಕ್ಕೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎಷ್ಟು ದಾನಿಗಳಲ್ಲಿ ಮಾಡಿ ನೋಡಿದ ಮೇಲೆ ನಿಮ್ಮ ಲ್ಯಾಬ್ ಒಂದು ಫಲಿತಾಂಶ ನಂಬುತ್ತದೆ ಅಂತ ಕೇಳಿ. ಈ ಒಂದೇ ಉತ್ತರದಲ್ಲಿ ಲ್ಯಾಬಿನ ಗುಣ ಗೊತ್ತಾಗುತ್ತದೆ.

ಲೆಂಟಿವೈರಸ್ ಯಾರು ಮಾಡುತ್ತಾರೆ ಅನ್ನುವುದನ್ನೂ ಕೇಳಿ. ಅದಕ್ಕೆ ಬೇರೆ ವಿಭಾಗ ಇದ್ದರೆ ನಿಮ್ಮ ಸಮಯ ಉಳಿಯಿತು. ಇಲ್ಲದಿದ್ದರೆ ಅದೂ ನಿಮ್ಮ ತಲೆಮೇಲೆ. ಯೋಜನೆಯ ಹಿಂದೆ ಕಂಪನಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಪೇಟೆಂಟ್ ಹಾಕುವವರೆಗೆ ಪೇಪರ್ ತಡೆಹಿಡಿದರೆ ನಷ್ಟ ಆಗುವುದು ಪೋಸ್ಟ್‌ಡಾಕ್‌ಗೆ.

ಜರ್ಮನಿಯಿಂದ:

ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ. ಪಿಐ ಗ್ರಾಂಟ್ ಯಾವ ವರ್ಷದವರೆಗೆ ಇದೆ ಅಂತ ನೇರವಾಗಿ ಕೇಳಿ, ತಪ್ಪು ತಿಳಿಯುವುದಿಲ್ಲ. ಅಮೆರಿಕದ ಕೆ99 (ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬಿನತ್ತ ಹೋಗಲು ಕೊಡುವ ಗ್ರಾಂಟ್) ನಾಗರಿಕರಲ್ಲದವರಿಗೂ ಸಿಗುತ್ತದೆ, ಆದರೆ ಪೋಸ್ಟ್‌ಡಾಕ್ ಶುರುವಾಗಿ ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕು. ಸುಮ್ನೆ ಕೂತರೆ ಆ ಕಾಲ ಬೇಗ ಹೋಗುತ್ತದೆ. ಯೂರೋಪಿನ ಕಡೆ ಮನಸ್ಸಿದ್ದರೆ ಮೇರಿ ಕ್ಯೂರಿ ಫೆಲೋಶಿಪ್ ನೋಡಿ. ಪಿಎಚ್‌ಡಿ ಆಗಿ 8 ವರ್ಷದೊಳಗೆ ಇರಬೇಕು, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನಿಯಮ ಬದಲಾಗುತ್ತಿರುತ್ತವೆ, ಹಾಕುವ ವರ್ಷ ಮತ್ತೆ ಓದಿಕೊಳ್ಳಿ.

ಬೆಂಗಳೂರಿನ ಹೆಮಟಾಲಜಿ (ರಕ್ತರೋಗ) ವಾರ್ಡಿನಿಂದ ಒಬ್ಬ ಡಾಕ್ಟರ್:

ಮೇಡಂ, ನನಗೆ ವಾರ್ಡಿನ ಹತ್ತಿರ ಇರಲು ಆಗುತ್ತಾ ಅಂತ ಪಿಐಗೆ ಕೇಳಿ. ಕಾರ್-ಟಿ ಕೊಟ್ಟ ಮೇಲೆ ಮಿದುಳಿನ ಮೇಲೆ ಪರಿಣಾಮ ಆಗುತ್ತಿದೆಯಾ ಅಂತ ನೋಡಲು ರೋಗಿಯಿಂದ ದಿನಾ ಒಂದು ವಾಕ್ಯ ಬರೆಸುತ್ತೇವೆ. ನೂರರಿಂದ ಹತ್ತತ್ತು ಕಡಿಮೆ ಮಾಡುತ್ತಾ ಎಣಿಸಲು ಹೇಳುತ್ತೇವೆ. ನಿನ್ನೆ ದುಂಡಗೆ ಬರೆದವರ ಅಕ್ಷರ ಇವತ್ತು ಸೊಟ್ಟಗಾದರೆ, ಸಾಲು ಕೆಳಗೆ ಜಾರಿದರೆ, ತಕ್ಷಣ ಎಲ್ಲರೂ ಎಚ್ಚರ. ಆ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರು ಲ್ಯಾಬಿನಲ್ಲಿ ಸೈಟೊಕೈನ್ (ಐಎಲ್-6 ಥರದ ಪ್ರೋಟೀನ್) ಅಳೆಯುವ ರೀತಿಯೇ ಬೇರೆ. ವಾರದ ಮೀಟಿಂಗ್‌ಗೆ ಪೋಸ್ಟ್‌ಡಾಕ್‌ಗಳನ್ನು ಸೇರಿಸುತ್ತಾರಾ? ರೋಗ ಮರಳಿದಾಗ ತೆಗೆದ ಬೋನ್ ಮ್ಯಾರೋ ಸ್ಯಾಂಪಲ್ ನಿಮಗೆ ಸಿಗುತ್ತಾ? ಕೆಲವರಲ್ಲಿ ಕ್ಯಾನ್ಸರ್ ಸೆಲ್, ಕಾರ್-ಟಿ ಹುಡುಕುವ ಸಿಡಿ19 ಗುರುತನ್ನೇ ಕಳೆದುಕೊಂಡು ಬರುತ್ತದೆ. ಸೆಲ್ ಸುಸ್ತಾಗಿದ್ದಕ್ಕೂ ಇದಕ್ಕೂ ಉಪಾಯ ಬೇರೆ ಬೇರೆ. ಸ್ಯಾಂಪಲ್ ಇಲ್ಲದೆ ಯಾವುದು ಅಂತ ಹೇಳಲು ಆಗುವುದಿಲ್ಲ.

ಮುಂಬೈನಿಂದ, ವಿದೇಶದಿಂದ ವಾಪಸ್ ಬಂದವರು:

ವಾಪಸ್ ಬರುವ ಆಸೆ ಇದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಇನ್ನೊಂದು ಕಾರ್-ಟಿ ತಂದಿತು, ಅದರ ಮೂಲ ಬಾರ್ಸಿಲೋನಾದ ಒಂದು ಆಸ್ಪತ್ರೆಯದು. ಇಲ್ಲಿ ಬೇಕಾಗಿರುವುದು ಕಾರ್ ವಿನ್ಯಾಸ ಮಾಡುವವರು ಮಾತ್ರ ಅಲ್ಲ. ವೆಕ್ಟರ್ (ಜೀನ್ ಒಯ್ಯುವ ವೈರಸ್) ಮಾಡಲು ಗೊತ್ತಿರುವವರು, ರೋಗಿಗೆ ಹೋಗುವ ಮುಂಚೆ ಚೀಲದಲ್ಲಿ ಎಷ್ಟು ಸೆಲ್ ಜೀವಂತ, ಬ್ಯಾಕ್ಟೀರಿಯಾ ಅಥವಾ ಮೈಕೋಪ್ಲಾಸ್ಮ ಇದೆಯಾ, ಒಂದು ಸೆಲ್‌ಗೆ ಎಷ್ಟು ಪ್ರತಿ ಜೀನ್ ಸೇರಿದೆ ಅಂತ ಪರೀಕ್ಷಿಸಿ ಸಹಿ ಹಾಕಬಲ್ಲವರು. ಪಿಐಗೆ ಕೇಳಿ: ಜಿಎಂಪಿ ಕೋಣೆಯಲ್ಲಿ (ಔಷಧ ತಯಾರಿಕೆಯ ಗುಣಮಟ್ಟದ ನಿಯಮದಂತೆ ರೋಗಿಗೆ ಕೊಡುವ ಸೆಲ್ ತಯಾರಿಸುವ ಕಡೆ) ತರಬೇತಿ ಕೊಡಿಸುತ್ತೀರಾ? ಹೌದು ಅಂದರೆ, ಹೆಸರಿನಲ್ಲಿ ಚಿಕ್ಕದಾದರೂ ಆ ಲ್ಯಾಬ್ ಒಪ್ಪಿಕೊಳ್ಳಿ ಅನ್ನುತ್ತೇನೆ. ಬರುವ ಒಂದು ವರ್ಷ ಮುಂಚೆಯೇ ವಿದೇಶದಿಂದ ಮರಳುವ ವಿಜ್ಞಾನಿಗಳಿಗಿರುವ ರಾಮಲಿಂಗಸ್ವಾಮಿ ಫೆಲೋಶಿಪ್‌ಗೆ ತಯಾರಿ ಶುರುಮಾಡಿ.

ಬೆಂಗಳೂರಿನಿಂದ, ಕೇಳಿದವರು:

ತುಂಬಾ ಧನ್ಯವಾದ. ದಾನಿಗಳ ಸಂಖ್ಯೆ, ವಾರ್ಡ್ ಮೀಟಿಂಗ್, ಗ್ರಾಂಟ್ ಅವಧಿ, ಎಲ್ಲ ಬರೆದುಕೊಂಡೆ. ಮುಂಬೈಯವರಿಗೆ ಇನ್ನೊಂದು: ಜಿಎಂಪಿ ತರಬೇತಿ ಆಗಿದೆ ಅಂತ ಇಲ್ಲಿ ತೋರಿಸುವುದು ಹೇಗೆ?

ಮುಂಬೈನಿಂದ:

ಪ್ರತಿಯೊಂದು ತರಬೇತಿಗೂ ನಿಮ್ಮ ಹೆಸರಲ್ಲಿ ದಾಖಲೆ ಇಟ್ಟಿರುತ್ತಾರೆ. ಕೆಲಸ ಬಿಡುವ ಮುಂಚೆ ಅದರ ಪ್ರತಿ ಕೇಳಿ ತಗೊಳ್ಳಿ. ಬಿಟ್ಟ ಮೇಲೆ ತರಿಸಿಕೊಳ್ಳುವುದು ಕಷ್ಟ.